ತೀರ್ಪುಗಾರರಿಗೆ ಅವಲಕ್ಕಿ

ನಮ್ಮ ಸೋದರತ್ತೆಯ ಕಣ್ಣಿಗೆ ಬಿದ್ದ ಯಾವ ಒಂಟಿ ವಸ್ತುವೂ ಈವರೆಗೆ ಒಂಟಿಯಾಗಿ ಉಳಿದಿಲ್ಲ! ಮದುವೆ ಮಂಟಪದ ಬಾಗಿಲಲ್ಲಿ ದಿಕ್ಕಾಪಾಲಾಗಿ ಬಿದ್ದಿರುವ ಚಪ್ಪಲಿಗಳನ್ನು ಜೋಡಿ ಮಾಡಿಟ್ಟೇ ಆಕೆ ಒಳಗೆ ಹೋಗುತ್ತಾಳೆ. ಒಮ್ಮೆ ಅವಸರದಲ್ಲಿ ಯಾರದೋ ಎಡಗಾಲಿನದನ್ನು ಇನ್ಯಾರದೋ ಬಲಗಾಲಿನದಕ್ಕೆ ಗಂಟು ಹಾಕಿದಳು. ಆ ಇಬ್ಬರು ಯಜಮಾನರು ಒಬ್ಬರನ್ನೊಬ್ಬರು ಹುಡುಕಾಡಿ, ಜಗಳಾಡಿ, ಕೊನೆಗೆ ಬೀಗರಾದರು. ಉತ್ಪ್ರೇಕ್ಷೆ ಎನ್ನುವವರು ಹಳಿಯಾಳಕ್ಕೆ ಬಂದು ವಿಚಾರಿಸಬಹುದು. ಮುಂಡಗೋಡದಿಂದ ಜೋಯಿಡಾದವರೆಗೆ ಆಕೆ ಕೂಡಿಸಿದ ಸಂಬಂಧಗಳು ಎಷ್ಟೆಂದರೆ, ಆಕೆ ಬಸ್ಸು ಹತ್ತಿದ ಕೂಡಲೆ ಸೀಟು ಬಿಟ್ಟು ಏಳುವವರಲ್ಲಿ ಅರ್ಧ ಜನ ಕೃತಜ್ಞತೆಯಿಂದ ಏಳುತ್ತಾರೆ. ಇನ್ನರ್ಧ ಜನ ಇಳಿದು ಓಡಿಹೋಗಲಿಕ್ಕೆ!

ಇಂಥವಳು ತಾನು ಮಾತ್ರ ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ, "ಎಲ್ಲಾ ಗಂಡಸರ ವಿಚಾರಣೀನೂ ಮಾಡಿ ಮುಗಿಸಿದ್ನೆಲ್ಲೋ ತಮ್ಮಾ, ಆಮ್ಯಾಲೆ ಮನಸ್ಸ ಎಲ್ಲಿಂದ ಬರಬೇಕು?" ಎನ್ನುತ್ತಾಳೆ.

ಈಚೆಗೆ ಆಕೆಯ ಕಸುಬಿಗೆ ಕಲ್ಲು ಬಿತ್ತು. ಹುಡುಗ ಹುಡುಗಿಯರು ಫೋನಿನಲ್ಲೇ ನೋಡಿ, ಫೋನಿನಲ್ಲೇ ಒಪ್ಪಿ, ಮಂಟಪ ಗೊತ್ತು ಮಾಡಿದ ಮೇಲೆ ಹೆತ್ತವರಿಗೆ ವಿಷಯ ತಿಳಿಸುವ ಕಾಲ ಇದು. ಕೈಯಲ್ಲಿ ಕೆಲಸವಿಲ್ಲದ ಅತ್ತೆ ಹಳಿಯಾಳದಿಂದ ದಾಂಡೇಲಿಗೆ, ನಮ್ಮ ಮನೆಗೆ, ವಾರಕ್ಕೊಮ್ಮೆ ಬರತೊಡಗಿದಳು. ಬಂದವಳ ಕಣ್ಣು ನನ್ನ ಮಗಳು ಪಲ್ಲವಿಯ ಮೇಲೆ ಬಿತ್ತು. ಗಾಬರಿಯಾಗಬೇಡಿ, ಮದುವೆಗಲ್ಲ!

ಪಲ್ಲವಿ ದಿನಾ ಬಸ್ಸಿನಲ್ಲಿ ಹೋಗಿಬಂದು ಧಾರವಾಡದಲ್ಲಿ ಚಿತ್ರಕಲೆ ಕಲಿಯುತ್ತಾಳೆ. ಕೊನೆಯ ವರ್ಷ. ಆಕೆ ಬರೆಯುವುದು ಬಸ್ಸಿನಲ್ಲಿ ನಿದ್ದೆ ಹೋದವರನ್ನು. ಧಾರವಾಡದ ಬಸ್ಸಿನಲ್ಲಿ ಬಾಯಿ ತೆರೆದು, ಪಕ್ಕದವರ ಹೆಗಲಿಗೊರಗಿ, ತರಕಾರಿ ಚೀಲ ತಬ್ಬಿಕೊಂಡು ಮಲಗಿದವರೆಲ್ಲ ಇದ್ದಿಲಿನಲ್ಲಿ ಆಕೆಯ ಪುಸ್ತಕದೊಳಗೆ ಮಲಗಿದ್ದಾರೆ. ಅವರನ್ನು ಆಳೆತ್ತರಕ್ಕೆ ಬರೆಯಬೇಕು, ಮುಂದೆ ಚಿತ್ರಕಲೆಯಲ್ಲೇ ಎಂವಿಎ ಎಂಬ ದೊಡ್ಡ ಡಿಗ್ರಿ ಓದಬೇಕು ಎಂಬುದು ಆಕೆಯ ಆಸೆ. ಅದಕ್ಕೆ ದೊಡ್ಡ ಕಾಗದ ಬೇಕು, ಜಾಗ ಬೇಕು, ರೊಕ್ಕ ಬೇಕು. ಕಾಗದದ ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ ಮಾಡುವವನ ಮಗಳಿಗೆ ಕಾಗದದ ಬರವೇ ಎಂದು ಕೇಳುತ್ತೀರಾ? ಬ್ಯಾಂಕಿನ ಗುಮಾಸ್ತನಿಗೆ ನೋಟಿನ ಬರ ಇರುವುದಿಲ್ಲವೇ!

ನಾನು ಸ್ವಭಾವತಃ ಚಿಂತೆಯ ಮನುಷ್ಯ. ಚಿಂತೆಯೇ ನನ್ನ ಪೂರ್ಣಾವಧಿ ಉದ್ಯೋಗ, ಸ್ಟೋರಿನ ಕೆಲಸ ಬಿಡುವಿನ ವೇಳೆಯದು. ಮಗಳ ಗತಿ ಏನೆಂದು ಚಿಂತಿಸಿ ಚಿಂತಿಸಿ ಹುಬ್ಬಳ್ಳಿಯಲ್ಲಿ ಪರಿಚಯದವರೊಬ್ಬರ ಫ್ಲೆಕ್ಸ್ ಅಂಗಡಿಯಲ್ಲಿ ಆಕೆಗೊಂದು ಕೆಲಸ ನೋಡಿಟ್ಟಿದ್ದೆ. ಪುಢಾರಿಗಳ ಹುಟ್ಟುಹಬ್ಬಕ್ಕೆ ಅವರ ಮುಖದ ಸುತ್ತ ಹೂವು ಬಿಡಿಸುವುದು. ಅದೂ ಕಲೆಯೇ ಅಲ್ಲವೇ? ಮಗಳಿಗೂ ನನಗೂ ಒಂದು ಕರಾರಾಯಿತು. ಯುಗಾದಿಯೊಳಗೆ ಆಕೆಗೆ ಎಲ್ಲಾದರೂ ಗ್ರ್ಯಾಂಟ್, ಅಂದರೆ ಕಲಾವಿದರಿಗೆ ಕೊಡುವ ಧನಸಹಾಯ, ಸಿಕ್ಕರೆ ಮುಂದಿನ ಓದು, ಇಲ್ಲವಾದರೆ ಫ್ಲೆಕ್ಸು. ಅಂಗಡಿಯವರು ಆಗಾಗ ಫೋನು ಮಾಡಿ, "ಏನಾತ್ರಿ ಸಾಹೇಬ್ರ, ಮಗಳು ಬರ್ತಾಳೋ ಇಲ್ಲೋ?" ಎಂದು ಕೇಳುತ್ತಿದ್ದರು. "ತಿಳಿಸ್ತೇನ್ರಿ" ಎನ್ನುತ್ತಿದ್ದೆ. ಹೂಂ ಅಂದರೂ ಅಪಾಯ, ಇಲ್ಲ ಅಂದರೂ ಅಪಾಯ. 'ತಿಳಿಸ್ತೇನ್ರಿ'ಯಷ್ಟು ಸುರಕ್ಷಿತವಾದ ಮಾತು ಕನ್ನಡದಲ್ಲಿ ಇನ್ನೊಂದಿಲ್ಲ.

ಪಲ್ಲವಿ ಮನೆಯಲ್ಲಿದ್ದಾಗಲೆಲ್ಲ ಫೋನಿನಲ್ಲಿ ಏನೋ ಹುಡುಕುವುದನ್ನು ಕಂಡು ಅತ್ತೆ ವಿಚಾರಿಸಿದಳು.

"ಓಪನ್ ಕಾಲ್ ಹುಡುಕಾಕತ್ತೇನಿ ಅಜ್ಜಿ. ರೊಕ್ಕಾ ಕೊಡ್ತೇವಿ, ಜಾಗಾ ಕೊಡ್ತೇವಿ, ಚಿತ್ರಾ ಬರಿಯೋರು ಅರ್ಜಿ ಹಾಕ್ರಿ ಅಂತ ಹೇಳಿರ್ತಾರ. ನಾವು ನಮ್ಮ ಬಗ್ಗೆ ಬರದು ಫೋಟೋ ಕಳಸಬೇಕು. ಮನಸ್ಸಿಗೆ ಬಂದ್ರ ಕರದು ಮಾತಾಡಸ್ತಾರ. ಆಮ್ಯಾಲೆ ಒಪ್ಪಬಹುದು, ಬಿಡಬಹುದು."

ಅತ್ತೆ ಚಹಾದ ಬಟ್ಟಲು ಕೆಳಗಿಟ್ಟಳು. "ಅಯ್ಯ ನಮ್ಮವ್ವಾ! ಇದಕ್ಯಾಕ ಇಂಗ್ಲಿಷ್ ಹೆಸರು? ಇದು ಕನ್ಯಾ ನೋಡೂದು!"

ಅಂದಿನಿಂದ ಅತ್ತೆ ಮತ್ತೆ ಕಸುಬಿಗಿಳಿದಳು. ಪಲ್ಲವಿ ಒಂದೊಂದೇ ಪ್ರಕಟಣೆ ಓದುವುದು, ಅತ್ತೆ ಕಣ್ಣು ಮುಚ್ಚಿ ಕೇಳಿ ತೀರ್ಪು ಕೊಡುವುದು. ಅರ್ಜಿಗೆ ಪ್ರವೇಶ ಶುಲ್ಕ ಕೇಳುವವರು ಮೊದಲ ಸುತ್ತಿನಲ್ಲೇ ಔಟು. "ಹುಡುಗೀನ್ನ ನೋಡಾಕನ ರೊಕ್ಕಾ ಕೇಳ್ತಾರ? ಒಪ್ಪಿದ ಮ್ಯಾಲೆ ಏನೇನ್ ಕೇಳ್ಯಾರು!" ಬರೆದ ಚಿತ್ರಗಳೆಲ್ಲ ನಮಗೇ ಸೇರತಕ್ಕದ್ದು ಎಂದವರೂ ಔಟು. "ತವರಿನ ಬಂಗಾರದ ಮ್ಯಾಲೆ ಕಣ್ಣಿಟ್ಟ ಮಂದಿ." ರೆಸಿಡೆನ್ಸಿ ಎಂದರೆ ಅವರ ಜಾಗದಲ್ಲೇ ಉಂಡು, ಮಲಗಿ, ಎರಡು ತಿಂಗಳು ಚಿತ್ರ ಬರೆಯುವುದು ಎಂದು ಪಲ್ಲವಿ ವಿವರಿಸಿದಾಗ ಅತ್ತೆ ನನ್ನ ಕಡೆ ತಿರುಗಿ ಅಂದಳು: "ಅಂದ್ರ ಮನಿ ಅಳಿಯಾ! ಇರಲಿ, ಅದರಾಗೂ ಸುಖಪಟ್ಟವರ ಅದಾರ."

ಮುಂದಿನ ಹೆಜ್ಜೆ ವಿಚಾರಣೆ. ಹಿಂದಿನ ವರ್ಷ ಗ್ರ್ಯಾಂಟ್ ಪಡೆದ, ಅಂಕೋಲೆ ಕಡೆಯ ಒಬ್ಬ ಹುಡುಗನ ನಂಬರನ್ನು ಪಲ್ಲವಿಯಿಂದ ಇಸಿದುಕೊಂಡು ಅತ್ತೆ ನೇರವಾಗಿ ಫೋನು ಮಾಡಿದಳು. "ಹೆಂಗ ನೋಡಿಕೊಂಡ್ರಪಾ? ಹೇಳಿದ ಟೈಮಿಗೆ ರೊಕ್ಕಾ ಕೊಟ್ರ? ಮಾತು ಒರಟೋ, ಮೆತ್ತಗೋ?" ಹುಡುಗ ಪಾಪ, ಎಲ್ಲಕ್ಕೂ ಉತ್ತರ ಕೊಟ್ಟ. ಮಾತು ಹಾಗೇ ಅವನ ಊರು, ಮನೆತನ, ತಂಗಿಯರ ಮದುವೆಗೆ ತಿರುಗಿತು. ನಮಗೆ ಆ ಗ್ರ್ಯಾಂಟ್ ಸಿಗಲಿಲ್ಲ. ಆ ಹುಡುಗನಿಗೆ ಮಾತ್ರ ಹಳಿಯಾಳದ ಒಬ್ಬ ಹುಡುಗಿ ಸಿಕ್ಕಳು!

ಅರ್ಜಿಯಲ್ಲಿ ಕಲಾವಿದರು ತಮ್ಮ ಬಗ್ಗೆ ಬರೆದುಕೊಳ್ಳಬೇಕು. ಪಲ್ಲವಿ ಬರೆದಿದ್ದಳು: 'ನನ್ನ ಕಲಾಭ್ಯಾಸವು ಚಲನೆ ಮತ್ತು ನಿಶ್ಚಲತೆಗಳ ನಡುವಣ ಅವಕಾಶವನ್ನು ಶೋಧಿಸುತ್ತದೆ.' ನಾನು ಇದನ್ನು ಓದಿ, ಅರ್ಥವಾಗದೆ, ಮಗಳು ದೊಡ್ಡವಳಾದಳೆಂದು ಹೆಮ್ಮೆಪಟ್ಟೆ. ಅತ್ತೆ ಮಾತ್ರ, "ಯಾರಿಗೇನ್ ತಿಳೀಬೇಕವಾ ಇದು? ಬಸ್ಸಿನ್ಯಾಗ ಮಲಗಿದೋರ ಚಿತ್ರಾ ಬರೀತೇನಿ ಅನ್ನು. ಹಂಗ, ರೊಟ್ಟಿ ಚಲೋ ಬಡೀತೇನಿ ಅಂತನೂ ಸೇರಸು" ಅಂದಳು. ಮೊದಲನೆಯದು ನಿಜ. ಎರಡನೆಯದನ್ನು ಸೇರಿಸಿದ್ದರೆ ವಂಚನೆಯ ಕೇಸಾಗುತ್ತಿತ್ತು.

ಅತ್ತೆ ಎಲ್ಲವನ್ನೂ ಸಹಿಸಿಯಾಳು, ಒಂದು ಸಾಲನ್ನು ಮಾತ್ರ ಸಹಿಸಳು. ಪ್ರಕಟಣೆಗಳ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಇರುತ್ತದಲ್ಲ, 'ಆಯ್ಕೆಯಾದವರನ್ನು ಮಾತ್ರ ಸಂಪರ್ಕಿಸಲಾಗುವುದು' ಎಂದು, ಅದು.

"ಉಳದವರು?" ಅತ್ತೆ ಕೇಳಿದಳು.

"ಉಳದವರು ತಾವ ತಿಳಕೋಬೇಕು ಅಜ್ಜಿ."

"ಹಂಗಾರ ಈ ಮನಿ ಬ್ಯಾಡ."

"ಅಜ್ಜಿ, ಎಲ್ಲಾರೂ ಹಿಂಗ ಬರದಿರ್ತಾರ!"

"ಎಲ್ಲಾರೂ ಬ್ಯಾಡ!" ಅತ್ತೆಯ ದನಿ ಅಷ್ಟು ಗಟ್ಟಿಯಾಗಿದ್ದುದನ್ನು ನಾನು ಕೇಳಿರಲಿಲ್ಲ. ತಾನು ಕೈಹಾಕಿದ ಸಂಬಂಧಗಳಲ್ಲಿ ಆಕೆಗೊಂದು ಕಟ್ಟುನಿಟ್ಟಿತ್ತು. 'ಹೂಂ' ಎಂಬ ಸುದ್ದಿಯನ್ನು ಯಾರ ಕೈಯಲ್ಲಾದರೂ ಕಳಿಸುತ್ತಿದ್ದಳು. 'ಇಲ್ಲ' ಎಂಬುದನ್ನು ಮಾತ್ರ ತಾನೇ ಬಸ್ಸು ಹತ್ತಿ ಹೋಗಿ, ಹುಡುಗಿಯ ಪಕ್ಕ ಕೂತು ಹೇಳಿ ಬರುತ್ತಿದ್ದಳು. ಬೈಸಿಕೊಂಡೂ ಬರುತ್ತಿದ್ದಳು. ಅದೊಂದು ಹುಚ್ಚು ಎಂದು ನಾವು ನಗುತ್ತಿದ್ದೆವು.

ಹೀಗೆ ಅಳೆದು ಸುರಿದು ಕಳಿಸಿದ ಅರ್ಜಿಗಳಲ್ಲಿ ಒಂದೇ ಒಂದು ಕಡೆಯಿಂದ ಸಂದರ್ಶನಕ್ಕೆ ಕರೆ ಬಂತು. ಮೈಸೂರು ಕಡೆಯ ಒಂದು ಸಣ್ಣ ಸಂಸ್ಥೆ. ರೆಸಿಡೆನ್ಸಿಯ ಜೊತೆಗೆ ಗ್ರ್ಯಾಂಟು, ಇದ್ದದ್ದು ಒಂದೇ ಜಾಗ. ಲ್ಯಾಪ್‌ಟಾಪಿನಲ್ಲೇ ಮಾತುಕತೆ. ಯುಗಾದಿ ಹತ್ತಿರ ಬಂದಿತ್ತು, ಇದು ತಪ್ಪಿದರೆ ಫ್ಲೆಕ್ಸೇ. ಸಿಗದಿದ್ದರೆ ಮಗಳ ಮುಖ ಹೇಗೆ ನೋಡಲಿ ಎಂದು ನನಗೆ ಒಂದು ಚಿಂತೆ, ಸಿಕ್ಕರೆ ಅಷ್ಟು ದೂರ ಹೇಗೆ ಕಳಿಸಲಿ ಎಂದು ಇನ್ನೊಂದು.

ಅತ್ತೆ ಬೆಳಿಗ್ಗೆಯೇ ಬಂದು ಲ್ಯಾಪ್‌ಟಾಪಿನ ಹಿಂದಿನ ಗೋಡೆ ಒರೆಸಿ, ಪಲ್ಲವಿಗೆ ಮಲ್ಲಿಗೆ ಮುಡಿಸಿ, ಅಡುಗೆ ಮನೆ ಸೇರಿದಳು. ಪರದೆಯ ಮೇಲೆ ಒಬ್ಬ ಮೇಡಂ, ಒಬ್ಬ ಗಡ್ಡದ ಕಲಾವಿದರು. ಪಲ್ಲವಿ ತನ್ನ ಚಿತ್ರಗಳ ಬಗ್ಗೆ ಹೇಳುತ್ತಿದ್ದಾಗ ಅತ್ತೆ ಒಳಗಿನಿಂದ ತಟ್ಟೆ ಹಿಡಿದು ಬಂದವಳೇ ಕ್ಯಾಮೆರಾದ ಮುಂದೆ ಚಾಚಿದಳು. "ತಗೋರಿ, ಸಂಕೋಚ ಮಾಡಿಕೋಬ್ಯಾಡ್ರಿ." ಕೆಲಹೊತ್ತು ತೀರ್ಪುಗಾರರಿಗೆ ನನ್ನ ಮಗಳ ಬದಲು ಶೇಂಗಾ ಹಾಕಿದ ಅವಲಕ್ಕಿ ಕಾಣಿಸಿತು.

"ಟೆಕ್ಸ್ಚರ್ ತುಂಬಾ ಚೆನ್ನಾಗಿದೆ" ಎಂದರು ಗಡ್ಡದವರು.

ಮೇಡಂ ನಕ್ಕುಬಿಟ್ಟರು. ಆ ಸಲಿಗೆಯಲ್ಲಿ ಅತ್ತೆ ಪಲ್ಲವಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. "ಹುಡುಗಿ ಅಲ್ಲಿಗೆ ಬಂದ್ರ ಮಲಗಾಕ ಬ್ಯಾರೆ ಖೋಲಿ ಐತೇನ್ರಿ? ಬಾಗಲದ ಚಿಲಕಾ ಒಳಗಿಂದ ಐತೇನ್ರಿ?" ಇಷ್ಟು ವರ್ಷ ಚಿಂತೆಯನ್ನೇ ವೃತ್ತಿ ಮಾಡಿಕೊಂಡ ನನಗೆ ಚಿಲಕ ಹೊಳೆದಿರಲಿಲ್ಲ, ನೋಡಿ! ಮೇಡಂ ಎಲ್ಲಕ್ಕೂ ಉತ್ತರ ಕೊಟ್ಟು ಕೊನೆಗೆ, "ಆಯ್ತಮ್ಮ, ತಿಳಿಸ್ತೇವೆ" ಅಂದರು.

ಅತ್ತೆಯ ಮುಖದ ನಗು ಆರಿತು.

"ಹಂಗನಬ್ಯಾಡ್ರಿ. ಹೂಂ ಆದ್ರ ಮೇಲ್ ಹಾಕ್ರಿ, ಏನರ ಹಾಕ್ರಿ. ಇಲ್ಲ ಅನ್ನೂದಿದ್ರ ಬಾಯಿಲೆ ಹೇಳ್ರಿ. ನನಗ ಫೋನ್ ಮಾಡ್ರಿ. ನಾ ಹುಡುಗಿಗೆ ಹೇಳ್ತೇನಿ. ಆದ್ರ ಸುಮ್ನ ಇರಬ್ಯಾಡ್ರಿ." ಹಾಗೆಂದು ತನ್ನ ನಂಬರು ಕೊಟ್ಟು ತಟ್ಟೆ ತೆಗೆದುಕೊಂಡು ಒಳಗೆ ಹೋದಳು.

ಆಗ ನನಗೆ ಇನ್ನೊಂದು ಅವಲಕ್ಕಿ ತಟ್ಟೆ ನೆನಪಾಯಿತು. ನಾನಿನ್ನೂ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಕಾಲ. ಬೆಳಗಾವಿ ಕಡೆಯವರು ಅತ್ತೆಯನ್ನು ನೋಡಲು ಬಂದಿದ್ದರು. ಅವಲಕ್ಕಿ ತಿಂದರು, ನಕ್ಕರು, ಹಾಡು ಹೇಳಿಸಿದರು, "ತಿಳಿಸ್ತೇವಿ" ಎಂದು ಹೋದರು. ಆಮೇಲೆ ಅಂಚೆಯವನ ಸೈಕಲ್ ಗಂಟೆ ಕೇಳಿದಾಗಲೆಲ್ಲ ಅತ್ತೆ ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬರುತ್ತಿದ್ದಳು. ಮಳೆಗಾಲ ಕಳೆಯಿತು, ದೀಪಾವಳಿ ಹೋಯಿತು. ಇಲ್ಲ ಅಂದಿದ್ದರೆ ಅಂದೇ ಅತ್ತು ಮುಗಿಸುತ್ತಿದ್ದಳೇನೋ. ಯಾರೂ ಏನೂ ಅನ್ನಲಿಲ್ಲ. ಆಮೇಲೆ ಆಕೆ ಯಾರ ಮುಂದೆಯೂ ಕೂರಲಿಲ್ಲ.

ಯುಗಾದಿಗೆ ಇನ್ನೇನು ಎರಡು ದಿನ ಇರುವಾಗ ಅತ್ತೆ ಬಂದಳು. ಮುಖ ಫಳಫಳ ಹೊಳೆಯುತ್ತಿತ್ತು. ಪಲ್ಲವಿ ಬಾಗಿಲಿಗೆ ಓಡಿದಳು.

"ಅಜ್ಜಿ, ನನಗ ಮೇಲ್ ಏನೂ ಬಂದಿಲ್ಲಲ್ಲ!"

"ನನಗ ಫೋನ್ ಬಂದಿತ್ತು."

ಫೋನು ಎಂದರೆ ಏನೆಂದು ನಮಗೆಲ್ಲ ಗೊತ್ತಿತ್ತು. ಪಲ್ಲವಿ ಮೆಟ್ಟಿಲ ಮೇಲೆ ಕೂತಳು. ಅತ್ತೆ ಪಕ್ಕದಲ್ಲಿ ಕೂತು ಆಕೆಯ ಕೈ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

"ಇಲ್ಲ ಅಂದ್ರವಾ. ಇದ್ದದ್ದು ಒಂದ ಜಾಗಾ, ಬ್ಯಾರೇರಿಗೆ ಕೊಟ್ರಂತ. ಬಸ್ಸಿನ ಚಿತ್ರಾ ಮನಸ್ಸಿನ್ಯಾಗ ಉಳದಾವಂತ. ಬರೂ ವರ್ಷ ಮತ್ತ ಹಾಕು ಅಂತ ಹೇಳ್ಯಾರ." ಕೊನೆಗೆ ನಮಗಾರಿಗೂ ಅಲ್ಲ ಎಂಬಂತೆ ಅಂದಳು: "ಹೇಳಿದ್ರು ನೋಡು. ಆ ಮೇಡಂ ತಾವ ಫೋನ್ ಮಾಡಿ ಹೇಳಿದ್ರು."

ಅತ್ತೆಯ ಕಣ್ಣು ತುಂಬಿತ್ತು. ಮುಖ ಮಾತ್ರ ಹಾಗೇ ಹೊಳೆಯುತ್ತಿತ್ತು. ಪಲ್ಲವಿ ಅದನ್ನೇ ನೋಡಿದಳು. ಆಮೇಲೆ ಇದ್ದಿಲು ಮೆತ್ತಿದ ಕೈಯಲ್ಲಿ ಮೂಗು ಒರೆಸಿಕೊಂಡು, ಮೀಸೆ ಬರೆಸಿಕೊಂಡು ಕೇಳಿದಳು:

"ಅಜ್ಜಿ, ಮುಂದಿನ ಮನಿ ಯಾವುದು?"

ಅಷ್ಟರಲ್ಲಿ ನನ್ನ ಫೋನು ರಿಂಗಾಯಿತು. ಫ್ಲೆಕ್ಸ್ ಅಂಗಡಿಯವರು. "ಏನಾತ್ರಿ ಸಾಹೇಬ್ರ?"

ನಾಲಿಗೆಯ ತುದಿಗೆ ಅಭ್ಯಾಸದ 'ತಿಳಿಸ್ತೇನ್ರಿ'ಯೇ ಬಂತು. ಅತ್ತೆ ತಲೆಯೆತ್ತಿ ನನ್ನನ್ನು ನೋಡಿದಳು.

"ಇಲ್ರಿ" ಎಂದೆ. "ಆಕಿ ಬರಂಗಿಲ್ರಿ. ಮುಂದ ಓದತಾಳ. ನೀವು ಬ್ಯಾರೇರನ್ನ ನೋಡಿಕೊಳ್ರಿ, ನಮ್ಮ ದಾರಿ ಕಾಯಬ್ಯಾಡ್ರಿ."

ಫೋನು ಕೆಳಗಿಟ್ಟೆ. ಅತ್ತೆ ಮೆಟ್ಟಿಲ ಮೇಲೆ ತುಸು ಸರಿದು ನನಗೂ ಜಾಗ ಮಾಡಿದಳು.