ಪಟೇಲರ ಹೊಟ್ಟೆಯೊಳಗಿನ ಒಕ್ಕಲು

ಮೈಲಿಗೆ ನೋಡುವವರ ಮನೆಯಲ್ಲೂ ಮಕ್ಕಳು ಹುಟ್ಟುತ್ತಲೇ ಇದ್ದುದರಿಂದ ನನಗೆ ನಗುವುದಕ್ಕೆ ಎಂದೂ ಬರ ಬರಲಿಲ್ಲ. ನನ್ನವ್ವ ಹಳ್ಳಿಮೈಸೂರು ಕಡೆಯ ಸೂಲಗಿತ್ತಿ. ನಾವು ಊರಾಚೆಯ ಕೇರಿಯವರು. ಊರ ಬಾವಿಯನ್ನು ಅವಳು ಮುಟ್ಟುವಂತಿಲ್ಲ. ಊರ ಕೂಸುಗಳನ್ನು ಮಾತ್ರ ಎಲ್ಲರಿಗಿಂತ ಮೊದಲು ಅವಳೇ ಮುಟ್ಟಬೇಕು.

೧. ಗಂಜಲ

ಪಟೇಲರಿಗೆ ಮೊದಲ ಮೊಮ್ಮಗಳು ಹುಟ್ಟಿದಳು. ಅವ್ವ ಹಿತ್ತಿಲ ಬಾಗಿಲಿಂದ ಹೋಗಿ, ಕೂಸಿನ ಬಾಯಿಗೆ ಬೆರಳು ಹಾಕಿ ಲೋಳೆ ತೆಗೆದು, ಅಳಿಸಿ ಕೊಟ್ಟಳು. ಅವಳು ಹೊರಬಂದದ್ದೇ ತಡ, ಪಟೇಲರ ಹೆಂಡತಿ ಅವಳು ನಿಂತಲ್ಲಿ, ಕೂತಲ್ಲಿ ಗಂಜಲ ಚಿಮುಕಿಸಿದರು. ಅವ್ವನನ್ನು ಕರೆದೊಯ್ಯಲು ಬಂದಿದ್ದ ನಾನು ಕೇಳಿದೆ:

"ಕೂಸಿನ ಬಾಯೊಳಕ್ಕೆ ಯಾವಾಗ ಚಿಮುಕಿಸ್ತೀರಾ, ಅಮ್ಮಾರೆ?"

ಆಕೆ ಚೊಂಬನ್ನೇ ನನ್ನತ್ತ ಬೀಸಿದರು. ಗಂಜಲವೆಲ್ಲ ಮೈಮೇಲೆ. ಆ ದಿನ ಇಡೀ ಊರಿನಲ್ಲಿ ಪೂರ್ತಿ ಶುದ್ಧನಾದವನು ನಾನೊಬ್ಬನೇ.

೨. ಗಿಣ್ಣು

ಬಾಣಂತಿಯ ಮೊದಲ ಹಾಲು ಹಳದಿಯಾಗಿ ಮಂದವಾಗಿತ್ತು. ಅದು ಕೆಟ್ಟ ಹಾಲೆಂದು ಅತ್ತೆ ಗೋಡೆಗೆ ಹಿಂಡಿಸಿದರು. ಕೂಸಿಗೆ ಬಟ್ಟೆಯ ಬತ್ತಿಯಲ್ಲಿ ಬೆಲ್ಲದ ನೀರು. ಅದೇ ವಾರ ಮನೆಯ ಹಸು ಈದಿತ್ತು. ಮನೆಮಂದಿಯೆಲ್ಲ ಗಿಣ್ಣು ತಿನ್ನುತ್ತಿದ್ದರು. ಕೂಸಿಗೆ ಭೇದಿ ಹತ್ತಿತು. ಮತ್ತೆ ಅವ್ವನನ್ನು ಕರೆಸಿದರು.

"ಏನ್ ಬುದ್ದಿ, ಅಸೀನ ಗಿಣ್ಣ ನೀವು ಉಣ್ತೀರಿ, ತಾಯಿ ಗಿಣ್ಣ ಗ್ವಾಡೆಗೆ ಉಣ್ಣುಸ್ತೀರಿ. ಗ್ವಾಡೆ ನೂರು ವರ್ಸ ಬಾಳ್ತದೆ ಬುಡಿ" ಎಂದಳು ಅವ್ವ.

ಕೂಸು ಉಳಿಯಲಿಲ್ಲ. ಸೂಲಗಿತ್ತಿಯ ಕೈ ಮೈಲಿಗೆಯಿಂದ ಸತ್ತಿತೆಂದರು. ಗೋಡೆ ಮಾತ್ರ ಇನ್ನೂ ಗಟ್ಟಿಯಾಗಿದೆ.

೩. ಪುಸ್ತಕ

ನಾನು ನಾಲ್ಕನೇ ತರಗತಿಗೇ ಶಾಲೆ ಬಿಟ್ಟವನು. ಹೊಳೆನರಸೀಪುರದ ವಾಚನಾಲಯದಲ್ಲಿ ಒಂದು ಆರೋಗ್ಯದ ಪುಸ್ತಕ ಸಿಕ್ಕಿತು. ಅದರಲ್ಲಿ ಬರೆದಿತ್ತು: ಹುಟ್ಟುವಾಗ ಕೂಸಿನ ಕರುಳಲ್ಲಿ ಕ್ರಿಮಿಗಳೇ ಇಲ್ಲವೆನ್ನಬೇಕು. ತಾಯಿಯ ಮೈಯಿಂದ, ಹಾಲಿನಿಂದ, ಎತ್ತಿಕೊಂಡವರ ಕೈಯಿಂದ ಕ್ರಿಮಿಗಳು ಬಂದು ಅಲ್ಲಿ ಒಕ್ಕಲಾಗುತ್ತವೆ. ಒಳ್ಳೆಯ ಕ್ರಿಮಿಗಳನ್ನು ಸಾಕುವುದು ತಾಯಿಯ ಹಾಲು. ಊರಿಗೆ ಬಂದು, ಬಸ್ ನಿಲ್ಲುವಲ್ಲಿ ಕಲ್ಲಿನ ಮೇಲೆ ಹತ್ತಿ ಕೂಗಿದೆ: "ಊರೊಳಗೆ ನಮ್ಮನ್ನು ಬಿಡದವರೇ, ನಿಮ್ಮ ಹೊಟ್ಟೆಯೊಳಗೆ ನಮ್ಮ ಕೇರಿಯಿದೆ!"

ಮಾರನೆಯ ದಿನ ವಾಚನಾಲಯಕ್ಕೆ ಹೋದರೆ ಪುಸ್ತಕವಿಲ್ಲ. ಪಟೇಲರು ಒಯ್ದಿದ್ದರಂತೆ. ಅವರು ಒಯ್ದು ಓದಿದ ಮೊದಲ ಪುಸ್ತಕ ಅದೇ.

೪. ಔಷಧಿ

ಸೊಸೆಯ ಎರಡನೇ ಹೆರಿಗೆಗೆ ಅವ್ವನಿಲ್ಲದೆ ಗತಿಯಿರಲಿಲ್ಲ. ಪಟೇಲರು ಷರತ್ತು ಹಾಕಿದರು: "ಕೈಗೆ ಬಟ್ಟೆ ಸುತ್ಕಂಡು ಇಡಿಯಮ್ಮಿ."

ಸುತ್ತಿಕೊಂಡಳು. ಗಂಡುಕೂಸು ಬಂತು. ಅಳಲಿಲ್ಲ, ನೀಲಿಗಟ್ಟಿತು. ಅವ್ವ ಬಟ್ಟೆ ಕಿತ್ತೆಸೆದು, ಬೆರಳು ಹಾಕಿ ಲೋಳೆ ಬಳಿದು, ಬಾಯಿಗೆ ಬಾಯಿಟ್ಟು ಊದಿದಳು. ಕೂಸು ಚೀರಿತು. ಯಾರನ್ನೂ ಕೇಳದೆ ಅದನ್ನು ತಾಯಿಯ ಎದೆಗೆ ಹಚ್ಚಿದಳು.

ಹಿತ್ತಿಲಲ್ಲಿ ನಿಂತಿದ್ದ ನನ್ನ ಬಳಿಗೆ ಪಟೇಲರು ಬಂದರು. ದನಿ ತಗ್ಗಿಸಿ ಕೇಳಿದರು:

"ಲೇ, ನಿಮ್ಮವ್ವ ಬಾಯಿಂದ್ಲೇ ಊದ್ಬುಟ್ಲಲ್ಲೋ. ಒಳಕ್ಕೋಗಿರೋ ಕ್ರಿಮಿ ತೆಗೆಯಾಕೆ ಅವುಸ್ದಿ ಐತೇನ್ಲಾ?"

"ಐತೆ ಪಟೇಲ್ರೆ. ಆಸ್ಪತ್ರೇಲಿ ಮಾತ್ರೆ ಕೊಡ್ತಾರೆ. ಆದ್ರೆ ಮನೇಲಿ ಇರೀಕರಿಂದ ಸುರು ಮಾಡ್ಬೇಕು."

"ಅದ್ಯಾಕ್ಲಾ?"

"ನಿಮ್ಮ ಬಾಯಿಗೆ ಬೆರಳಾಕಿ ಅಳಿಸ್ದೋಳು ನಮ್ಮಜ್ಜಿ. ಅರವತ್ತು ವರ್ಸದಿಂದ ನಮ್ ಕೇರಿಯೋರು ಒಳಗೆ ಒಕ್ಕಲು ಕುಂತವ್ರೆ. ಮೊದ್ಲು ನೀವು ನುಂಗಿ."