ಹತ್ತು ಸಾವಿರ ಫಾಲೋವರ್ಸ್

ಪುಷ್ಪೇಂದ್ರ ಚೌರೆಯ ಕತೆಯನ್ನು ಕಂಪನಿಯವರು ಮೆಚ್ಚಿಕೊಂಡರು. ತೊಂದರೆ ಶುರುವಾದದ್ದೇ ಅಲ್ಲಿಂದ.

ಬೆಳಗ್ಗೆ ಒಂಬತ್ತಕ್ಕೆ ತನ್ವಿ ಬಜೋರಿಯಾ ಫೋನ್ ಮಾಡಿದಳು. ವೆಬ್ ಸರಣಿ ತಯಾರಿಸುವ ಅಂಧೇರಿಯ ಆ ಕಂಪನಿಯಲ್ಲಿ ಕತೆ ಆರಿಸುವ ಕೆಲಸ ಅವಳದು.

"ಪುಷ್ಪೇಂದ್ರಜೀ, ನಿಮ್ಮ ಇಟಾರ್ಸಿ ಕತೆ ಎಲ್ರಿಗೂ ಹಿಡಿಸಿದೆ. ಎಂಟು ಕಂತು ಮಾಡ್ತಾರಂತೆ. ಒಂದೇ ಒಂದು ಸಣ್ಣ ವಿಷಯ. ಇನ್‌ಸ್ಟಾದಲ್ಲಿ ನಿಮಗೆ ಫಾಲೋವರ್ಸ್ ಎಷ್ಟು?"

ಪುಷ್ಪೇಂದ್ರ ನೋಡಿ ಹೇಳಿದ. ನೂರ ನಲವತ್ತಮೂರು. ಅದರಲ್ಲಿ ಅರ್ಧ ಊರಿನ ಸಂಬಂಧಿಕರು, ಒಂದು ನೀರಿನ ಪೈಪು ಮಾರುವ ಅಂಗಡಿ.

"ಹತ್ತು ಸಾವಿರ ಆದ್ರೂ ಬೇಕಿತ್ತಲ್ಲ. ಸಂಜೆ ಆರಕ್ಕೆ ಮೀಟಿಂಗ್. ಕತೆ ಹೇಗೂ ನಮ್ಮದಾಯ್ತು, ಹೋದ ತಿಂಗಳು ಸಹಿ ಹಾಕಿದೀರಿ. ಚಿತ್ರಕತೆ, ಸಂಭಾಷಣೆ ನೀವು ಬರೀತೀರೋ ಬೇರೆಯವರೋ ಅನ್ನೋದು ಇವತ್ತು ತೀರ್ಮಾನ."

"ಬರೆಯೋದಕ್ಕೂ ಫಾಲೋವರ್ಸಿಗೂ ಏನಮ್ಮಾ ಸಂಬಂಧ?"

"ನಾನೂ ಅದನ್ನೇ ಕೇಳಿ ಬೈಸಿಕೊಂಡೆ, ಸರ್."

ಇಟಾರ್ಸಿ ಸ್ಟೇಷನ್ನಿನಲ್ಲಿ ಮೂವತ್ತು ವರ್ಷ ಮೈಕಿನಲ್ಲಿ ರೈಲುಗಳ ಹೆಸರು ಕೂಗಿದ ಹೆಂಗಸಿನ ಕತೆ ಅದು. ಆಕೆ ಪುಷ್ಪೇಂದ್ರನ ತಾಯಿ. ಅಮ್ಮನ ಮಾತನ್ನು ಯಾರೋ ಗುರುತಿಲ್ಲದವರು ಬರೆಯುವುದು ಅವನಿಗೆ ಬೇಕಿರಲಿಲ್ಲ.

ಲಿಫ್ಟಿನಲ್ಲಿ ಮೂರನೇ ಮಹಡಿಯ ವಿಲಾಸ್‌ಬೆನ್ ಕಪಾಸಿ ಸಿಕ್ಕಿದರು. "ಯಾಕೋ ಬೇಟಾ, ಮುಖ ಹಿಂಡಿಟ್ಟ ನಿಂಬೆಹಣ್ಣಿನ ಥರ ಇದೆ?"

ಹೇಳಬಾರದಿತ್ತು, ಹೇಳಿಬಿಟ್ಟ. ಲಿಫ್ಟು ನೆಲ ಮುಟ್ಟುವಷ್ಟರಲ್ಲಿ ವಿಲಾಸ್‌ಬೆನ್ ಆ ಹತ್ತು ಸಾವಿರವನ್ನು ತಮ್ಮ ತಲೆಯ ಮೇಲೆ ಹೊತ್ತುಕೊಂಡಾಗಿತ್ತು. ಹತ್ತು ಗಂಟೆಗೆ ಕಟ್ಟಡದ ಸೆಕ್ರೆಟರಿ ಡಿಮೆಲ್ಲೊ ಅಂಕಲ್ಲೂ ಪುಷ್ಪೇಂದ್ರನ ಮನೆಗೆ ಬಂದು ಕುಳಿತರು. ಅವರು ಹಡಗಿನಲ್ಲಿ ರೇಡಿಯೋ ನೋಡಿಕೊಳ್ಳುತ್ತಿದ್ದವರು. ಹಾಗಾಗಿ ಇದೂ ತಮ್ಮ ವಿದ್ಯೆಯೇ ಎಂದು ನಂಬಿದ್ದರು.

ಪುಷ್ಪೇಂದ್ರನ ಫೋನಿನ ಕ್ಯಾಮೆರಾ ಮಸುಕು. ವಿಲಾಸ್‌ಬೆನ್ ತಮ್ಮ ಹೊಸ ಫೋನ್ ತಂದು, ಅದರಲ್ಲಿ ತಮ್ಮ ಖಾತೆಯ ಪಕ್ಕ ಅವನ ಖಾತೆಯನ್ನೂ ತೆರೆಸಿದರು. ಮೊದಲು ಅವನನ್ನು ಪುಸ್ತಕದ ಕಪಾಟಿನ ಮುಂದೆ ಕೂರಿಸಿ, ಬರವಣಿಗೆಯ ಕಷ್ಟಗಳ ಬಗ್ಗೆ ಮಾತಾಡಿಸಿದರು. ಒಂದು ಗಂಟೆಯಲ್ಲಿ ಹನ್ನೊಂದು ಜನ ನೋಡಿದರು. ಪೈಪಿನ ಅಂಗಡಿಯವನೊಬ್ಬನೇ ಲೈಕ್ ಒತ್ತಿದ್ದ.

"ಯೋಚನೆ ಮಾಡೋ ಗಂಡಸನ್ನ ಯಾರು ನೋಡ್ತಾರೆ?" ಅಂದರು ವಿಲಾಸ್‌ಬೆನ್. "ಕುಣೀಬೇಕು. ನಡಿ ಟೆರೇಸಿಗೆ."

"ನನಗೆ ಕುಣಿಯೋಕೆ ಬರಲ್ಲ, ಬೆನ್."

"ಕುಣಿಯೋರಿಗೆಲ್ಲ ಬರುತ್ತೆ ಅಂದ್ಕೊಂಡಿದೀಯಾ?" ಅಂದರು ಡಿಮೆಲ್ಲೊ.

ಟೆರೇಸಿನಲ್ಲಿ ಬಿಸಿಲು ಕಾದ ಹೆಂಚಿನಂತಿತ್ತು. ಸೊಂಟಕ್ಕೆ ದುಪಟ್ಟಾ ಬಿಗಿಸಿಕೊಂಡು ಪುಷ್ಪೇಂದ್ರ ಎರಡು ಸುತ್ತು ಗರ್ಬಾ ತಿರುಗಿದ, ಕೊಡೆ ಗಾಳಿಗೆ ತಿರುವುಮುರುವಾದ ಹಾಗೆ. ಮೂರನೇ ಸುತ್ತಿಗೆ ಹಿಂದೆ ಸರಿದವನು, ಬಿಳಿ ಬಟ್ಟೆಯ ಮೇಲೆ ಒಣಹಾಕಿದ್ದ ವಿಲಾಸ್‌ಬೆನ್ ಅವರ ಹಸಿ ಹಪ್ಪಳಗಳ ಮೇಲೆ ಕಾಲಿಟ್ಟು ಜಾರಿ, ಆ ಕೊನೆಯಿಂದ ಈ ಕೊನೆಯವರೆಗೆ ಬೆನ್ನ ಮೇಲೆ ಹೋದ.

ಕೈಯಲ್ಲಿ ಫೋನಿರುವುದನ್ನು ಮರೆತು ವಿಲಾಸ್‌ಬೆನ್ ಶುರುಮಾಡಿದರು. "ಹತ್ತು ವರ್ಷ ಆಯ್ತು ಈ ಊರಿಗೆ ಬಂದು. ಕಾಲೆಲ್ಲಿ ಇಡಬೇಕು ಅಂತ ಗೊತ್ತಿಲ್ಲ, ಕತೆ ಎಲ್ಲಿಡಬೇಕು ಅಂತ ಹೇಗೆ ಗೊತ್ತಾಗುತ್ತೋ ನಿನಗೆ? ಮದುವೆ ಆಗ್ಲಿಲ್ಲ, ತಲೇಲಿ ಕೂದಲು ನಿಲ್ಲಲಿಲ್ಲ, ಸಿನಿಮಾದವರು ಫೋನ್ ಎತ್ತಲಿಲ್ಲ, ಈಗ ನನ್ನ ಹಪ್ಪಳಾನೂ ಉಳಿಸಲಿಲ್ಲ." ಹೀಗೇ ಎರಡು ನಿಮಿಷ, ಒಂದು ಮಾತು ಎರಡು ಸಲ ಬರಲಿಲ್ಲ.

ಆ ಬೈಗುಳದ ಭಾಗವನ್ನಷ್ಟೇ ಕತ್ತರಿಸಿ ಅಂತರ್ಜಾಲಕ್ಕೆ ಹಾಕಿದವರು ಡಿಮೆಲ್ಲೊ. ಆದರೆ ಅವರು ಒತ್ತಿದ್ದು ವಿಲಾಸ್‌ಬೆನ್ ಅವರ ಖಾತೆಯನ್ನು.

ಊಟದ ಹೊತ್ತಿಗೆ ನಲವತ್ತು ಸಾವಿರ ಜನ ನೋಡಿದ್ದರು. ನಾಲ್ಕು ಗಂಟೆಗೆ ಒಂಬತ್ತು ಲಕ್ಷ. ಯಾರೋ ಆ ಬೈಗುಳಕ್ಕೆ ತಬಲಾ ಕೂಡಿಸಿದ್ದರು. ವೀಡಿಯೋದಲ್ಲಿ ಪುಷ್ಪೇಂದ್ರನ ಮುಖವೇ ಇರಲಿಲ್ಲ. ಹಪ್ಪಳ ಅಂಟಿದ ಎರಡು ಪಾದ ಮಾತ್ರ. ಅವನ ಲೆಕ್ಕ ನೂರ ನಲವತ್ತೇಳಕ್ಕೆ ನಿಂತಿತ್ತು.

ಆದರೂ ತನ್ವಿಗೆ ಅದನ್ನು ಕಳಿಸಿ, "ಆ ಪಾದಗಳು ನನ್ನವು" ಎಂದು ಬರೆದ.

ಆರೂವರೆಗೆ ಅವಳ ಫೋನ್ ಬಂತು. "ಸರ್, ಮೀಟಿಂಗಲ್ಲಿ ಎಲ್ರೂ ಎದ್ದು ನಿಂತ್ಕೊಂಡು ನಕ್ಕರು. ಇಂಥ ಮಾತು ಬರೆಯೋರೇ ಬೇಕಿತ್ತು ಅಂದ್ರು."

ಪುಷ್ಪೇಂದ್ರ ಆಗಲೇ ಹಾಳೆಗಳತ್ತ ಕೈ ಚಾಚಿದ್ದ. "ನಾನು ನಾಳೆಯಿಂದಲೇ ಶುರು ಮಾಡ್ತೀನಿ."

"ಸರ್, ಬರೆಯೋಕೆ ಕಂಪನಿಯವರು ಒಪ್ಪಿರೋದು ವಿಲಾಸ್‌ಬೆನ್ ಅವರನ್ನ. ಫೋನ್ ಮಾಡಿದ್ವಿ, ಅವರೂ ಹೂಂ ಅಂದಿದಾರೆ."

ಏಳು ಗಂಟೆಗೆ ಬಾಗಿಲು ಬಡಿದ ಶಬ್ದ. ವಿಲಾಸ್‌ಬೆನ್ ತಟ್ಟೆ ತುಂಬ ಢೋಕ್ಲಾ ಹಿಡಿದು ನಿಂತಿದ್ದರು. ಬೆಳಗಿನ ಜೋರು ಇರಲಿಲ್ಲ.

"ಬೇಟಾ, ಚಿತ್ರಕತೆ ಅಂದ್ರೆ ಏನು?"

ಅವನು ಎರಡು ಮಾತಿನಲ್ಲಿ ವಿವರಿಸಿದ.

"ಅಡಿಗೆ ಕಾರ್ಯಕ್ರಮ ಅಂದ್ಕೊಂಡು ಒಪ್ಪಿಬಿಟ್ಟೆ. ನೀನೇ ಬರಿ. ಇದು ನಿನ್ನ ಕತೆ ಅಂತ ಆಮೇಲೆ ಗೊತ್ತಾಗಿ, ನಿನ್ನ ಹೆಸರೂ ಹಾಕಿ ಅಂದೆ ಕಂಪನಿಯವರಿಗೆ. ಹೆಸರು ಒಬ್ಬರದೇ ಹಾಕೋದಂತೆ, ನನ್ನದು."

ಬಾಗಿಲು ಹಾಕಿಬಿಡಬೇಕೆನಿಸಿತು. ಆದರೆ ಹಾಕಿದರೆ ಅಮ್ಮನ ಮಾತು ನಾಳೆ ಇನ್ನಾರ ಕೈಗೋ ಹೋಗುತ್ತದೆ. ಪುಷ್ಪೇಂದ್ರ ತಟ್ಟೆ ಇಸಿದುಕೊಂಡು, ನಾಲ್ಕು ವರ್ಷದಿಂದ ತಿದ್ದಿ ತಿದ್ದಿ ಇಟ್ಟಿದ್ದ ಮೊದಲ ದೃಶ್ಯವನ್ನು ಅವರ ಕೈಗೆ ಕೊಟ್ಟ. ವಿಲಾಸ್‌ಬೆನ್ ಕನ್ನಡಕ ಏರಿಸಿ, ಸೋಫಾದ ಮೇಲೆ ಕುಳಿತು, ಒಂದಕ್ಷರ ಬಿಡದೆ ಓದಿದರು. ಅವನ ಬರಹವನ್ನು ಈ ಊರಲ್ಲಿ ಅವನೆದುರೇ ಹೀಗೆ ಪೂರ್ತಿ ಓದಿದವರು ಅವರೇ ಮೊದಲು.

"ಚೆನ್ನಾಗಿದೆ," ಅಂದರು, ಹಾಳೆ ಹಿಂದಕ್ಕೆ ಕೊಡುತ್ತ. "ಆದ್ರೆ ನಾನು ಹೀಗೆ ಬರೆಯಲ್ಲ. ಬದಲಾಯಿಸು."