ನನ್ನ ನಿದ್ದೆಗಾಗಿ ನಿಂತ ಹಡಗುಗಳು

ಮಧ್ಯಾಹ್ನ ಮಲಗುವವರನ್ನು ಕಂಡರೆ ಊರಿಗೆಲ್ಲ ಯಾಕೆ ಹೊಟ್ಟೆಯುರಿಯೋ ತಿಳಿಯದು. ಗೋವಾದ ವಾಸ್ಕೋದಲ್ಲಿ ಬೆಳಗಿನಿಂದ ಮನೆಮನೆಯ ಪಾತ್ರೆ ತಿಕ್ಕಿ ಬಂದು ಚಾಪೆಗೆ ಬೆನ್ನು ಹಚ್ಚಿದೆನೋ ಇಲ್ಲವೋ, ತಮ್ಮನ ಬಟನ್ ಫೋನು ಟುಂಯ್ ಎನ್ನುತ್ತಿತ್ತು.

ತಮ್ಮ ಬಸು ಮುರ್ಮುಗಾಂವ್ ಬಂದರಿನಲ್ಲಿ ಒಬ್ಬ ಗುತ್ತಿಗೆದಾರನ ಟೋಳಿಯಲ್ಲಿ ಗೊಬ್ಬರದ ಚೀಲ ಹೊರುತ್ತಿದ್ದ. ಹಡಗು ಬರುವ ಮುಂಚೆ ಗುತ್ತಿಗೆದಾರನ ಆಫೀಸಿನಿಂದ ಟೋಳಿಯವರಿಗೆಲ್ಲ ಮೆಸೇಜು ಬರುತ್ತಿತ್ತು. ಪದೇ ಪದೇ ತಪ್ಪಿಸಿದವನ ಜಾಗ ಬೇರೆಯವನಿಗೆ. ಹಡಗಿಲ್ಲದಾಗ ಬಸು ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ; ಧೂಳಿಗೆ ಕೆಟ್ಟೀತೆಂದು ಫೋನು ನನ್ನ ಹತ್ತಿರ ಬಿಡುತ್ತಿದ್ದ. ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಕನ್ನಡವನ್ನು ಹೇಗೋ ಓದಿಕೊಳ್ಳುತ್ತೇನೆ. ಇಂಗ್ಲಿಷ್ ಅಕ್ಷರಗಳು ನನಗೆ ಸಾಲಾಗಿ ಹೊರಟ ಇರುವೆಗಳು. ಪ್ರತಿ ಮೆಸೇಜಿಗೂ ಹಡಗೇ ಬಂತೆಂದು ದಿಬ್ಬ ಇಳಿದು, ರಿಚಾರ್ಜ್ ಅಂಗಡಿಯ ರಫೀಕನ ಹತ್ತಿರ ಓಡುತ್ತಿದ್ದೆ.

“ಹಡಗ ಅಲ್ಲಬೇ ಅಕ್ಕಾ, ನಿನಗ ಕಾರ್ ತಗೊಳ್ಳಾಕ ಸಾಲ ಕೊಡ್ತಾರಂತ.” ಮರುದಿನ, “ನಿನ್ನ ತೂಕ ಇಳಸ್ತಾರಂತ.”

“ಈ ದಿಬ್ಬ ಹತ್ತಿ ಇಳದು ಇನ್ನೇನ ಉಳದೈತೋ ಇಳಸಾಕ?”

“ಹಂಗಾರ ಜಾಹೀರಾತ ಬಂದ್ ಮಾಡಸಲೇನ?” ಎಂದ ರಫೀಕ. “ಮಾಡಪಾ, ನಿನಗ ಪುಣ್ಯ ಬರ್ತೈತಿ” ಎಂದೆ. ಫೋನು ಬಸುವಿನದು ಎಂಬುದು ಆಗ ನೆನಪಾಗಲಿಲ್ಲ. ನೆನಪಾಗಿದ್ದರೂ ನಿದ್ದೆ ಹೆಚ್ಚು ಹತ್ತಿರದಲ್ಲಿತ್ತು.

ಆಮೇಲೆ ಫೋನೂ ನಾನೂ ಜೊತೆಯಾಗಿ ಮಲಗಿದೆವು. ಆಗೊಮ್ಮೆ ಈಗೊಮ್ಮೆ ಟುಂಯ್ ಎಂದದ್ದು ಫೋನ್ ಕಂಪನಿಯವರದೇ ಹಾಡಿನ ಜಾಹೀರಾತು, ಅಷ್ಟೇ ಎಂದಿದ್ದ ರಫೀಕ. ಒಂದು ಸಂಜೆ ಬಸು ಸಂತೆಯಿಂದ ಉರಿಯುತ್ತ ಬಂದ. ಟೋಳಿಯ ಗೆಳೆಯನೊಬ್ಬ ಸಿಕ್ಕಿದ್ದನಂತೆ. ಹಡಗುಗಳು ಬಂದು ಹೋಗಿದ್ದವಂತೆ. “ಆ ಆಫೀಸಿನ ಕ್ಲರ್ಕ್ ನನ್ನ ಹೆಸರ ತಗದಾನ. ಇನ್ನ ಅವನ ಬಾಗಲಕ್ಕ ಕಾಲ ಇಡಂಗಿಲ್ಲ!” ನಾನು ಸಾರು ತಿರುವುತ್ತಲೇ ಇದ್ದೆ. ಅಷ್ಟು ತಿರುವಬೇಕಾದ ಸಾರು ಅದಲ್ಲ.

ಮರುದಿನ ಅವನಿಗೆ ಹೇಳದೆ ಆಫೀಸಿಗೆ ಹೋಗಿ, ಜಾಹೀರಾತು ಬಂದ್ ಮಾಡಿಸಿದ್ದನ್ನು ಒಪ್ಪಿಕೊಂಡೆ. ಕ್ಲರ್ಕ್ ಗದಗಿನ ಕಡೆಯವನು. “ಹೆಸರ ಐತ್ರಿ ಅಕ್ಕಾರ. ಬ್ಯಾಂಕಿನ ಮೆಸೇಜಿಗೆ ಒಂದ ದಾರಿ, ಜಾಹೀರಾತಿಗೆ ಒಂದ ದಾರಿ. ನಮ್ಮ ಸಾಹೇಬ್ರು ಸೋವಿ ಅಂತ ಜಾಹೀರಾತಿನ ದಾರೀಲೆ ಹಡಗ ಕಳಸ್ತಾರ. ನೀವು ಅದಕ್ಕ ಬೇಲಿ ಹಾಕೀರಿ.”

“ಮತ್ತ ಫೋನ್ ಕಂಪನಿಯವರ ಹಾಡಿನ ಮೆಸೇಜ ಇನ್ನೂ ಬರಾಕತ್ತಾವಲ್ರಿ?”

“ಗೇಟ್ ಅವರದ ಅಲ್ಲೇನ್ರಿ?” ಎಂದು ನಕ್ಕ. “ನಾಳೆ ಹಡಗ ಐತಿ. ಬಸು ಬಂದ್ರ ಜಾಗ ಅವಂದು. ಇಲ್ಲಂದ್ರ ಬ್ಯಾರೆಯಾವ ಕಾಯಾಕತ್ತಾನ.”

ದಾರಿಯುದ್ದಕ್ಕೂ ಗೋವಾ ಗಡಿಯ ಮೊಲೆಂ ನಾಕಾ ನೆನಪಾಗುತ್ತಿತ್ತು. ಅಲ್ಲಿ ಲಾರಿಯಲ್ಲಿ ಏನಿದೆ, ಯಾರ ಮನೆಯವರು ಅದಕ್ಕೆ ಕಾದಿದ್ದಾರೆ ಎಂದು ಕೇಳುವವರಿಲ್ಲ; ಚೀಟಿ ಯಾವುದು, ಹಣ ಕಟ್ಟಿದೆಯೇ ಎಂದಷ್ಟೇ ನೋಡುತ್ತಾರೆ. ಸಾಲದ ಆಸೆಯೂ ನನ್ನ ತಮ್ಮನ ಅನ್ನವೂ ಕಂಪನಿಯ ಲೆಕ್ಕದಲ್ಲಿ ಒಂದೇ ಚೀಟಿಯ ಸರಕು. ಇದನ್ನು ಯೋಚಿಸಿ ಕಂಪನಿಯನ್ನು ಬೈದುಕೊಂಡೆ. ಬೈಯುವಾಗ ಮನಸ್ಸು ಎಷ್ಟು ಹಗುರಾಗುತ್ತದೆ!

ರಫೀಕನಿಗೆ ಬೇಲಿ ಕೀಳಲು ಹೇಳಿ ಮನೆಗೆ ಬಂದೆ. “ಕ್ಲರ್ಕ್ ನಾಳೆ ನಿನ್ನ ಬಾ ಅಂದಾನ” ಎಂದೆ ಬಸುವಿಗೆ. ಅಷ್ಟನ್ನೇ. ಮರುದಿನ ಅವನು ಜಂಬದಿಂದಲೇ ಹೋದ.

ಸಂಜೆ ಮೈತುಂಬ ಗೊಬ್ಬರದ ಧೂಳು ಹೊತ್ತು ಬಂದು ಎದುರಿಗೆ ಕುಳಿತ. “ಕ್ಲರ್ಕ್ ಎಲ್ಲಾ ಹೇಳಿದ. ನಿನ್ನ ಬಾಯಿಲೆ ಯಾಕ ಅರ್ಧನ ಬಂತಬೇ ಅಕ್ಕಾ?” ಬೈದಿದ್ದರೆ ಚೆನ್ನಾಗಿತ್ತು, ನಗುತ್ತಿದ್ದ.

ಕಂಪನಿಯವರಾದರೂ ಬೇಡವೆಂದು ಹೇಳಿದ ಮೇಲೆ ತಡೆಯುತ್ತಾರೆ. ನಾನು ತಡೆಯುವ ಮುಂಚೆ ಅವನನ್ನು ಕೇಳಿಯೂ ಇರಲಿಲ್ಲ.